ಸಂಬಳದ ಚೀಟಿಯಲ್ಲಿ ಮುರಿದುಕೊಂಡದ್ದು ಮಕ್ಕಳ ಓದಿಗೆ ಬರಲಿ!

(ಬೊಮ್ಮಸಂದ್ರದಲ್ಲಿ ಕಾರ್ಮಿಕ ಬಂಧುಗಳ ಮುಂದೆ ಆಡಿದ ಮಾತುಗಳ ಬರಹರೂಪ)



ಪಾಳಿ ಮುಗಿಸಿ, ಊಟವನ್ನೂ ಮಾಡದೆ ಬಂದು ಕೂತಿದ್ದೀರಿ. ದೊಡ್ಡ ಭಾಷಣ ಮಾಡುವ ಯೋಗ್ಯತೆ ನನಗಿಲ್ಲ. ನಾನೂ ನಿಮ್ಮಂತೆ ಇದೇ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಮಿಷನ್ನಿನ ಮುಂದೆ ಇಪ್ಪತ್ತೆರಡು ವರ್ಷ ನಿಂತವನು. ಇವತ್ತು ಆಡಲು ಬಂದಿರುವುದು ಒಂದೇ ವಿಷಯ. ನಮ್ಮ ಮಕ್ಕಳ ಕಾಲೇಜು ಓದಿಗೆಂದು ಈ ರಾಜ್ಯದಲ್ಲಿ ಇಟ್ಟಿರುವ ದುಡ್ಡು ಎಲ್ಲಿದೆ, ಅದು ನಮ್ಮ ಕೈಗೆ ಯಾಕೆ ಬರುತ್ತಿಲ್ಲ?

ಮೊದಲು ನನ್ನ ಮನೆಯ ಕಥೆ ಹೇಳಿಬಿಡುತ್ತೇನೆ. ಪ್ರತಿ ವರ್ಷ ಡಿಸೆಂಬರ್ ತಿಂಗಳ ಸಂಬಳದ ಚೀಟಿಯಲ್ಲಿ ‘ಎಲ್‌ಡಬ್ಲ್ಯೂಎಫ್’ ಎಂದು ಮೂರು ಇಂಗ್ಲಿಷ್ ಅಕ್ಷರ, ಅದರ ಮುಂದೆ ಇಪ್ಪತ್ತು ರೂಪಾಯಿ ಇರುತ್ತಿತ್ತು. ಯಾವುದೋ ತೆರಿಗೆ ಇರಬೇಕು ಅಂದುಕೊಂಡೆ. ಇಪ್ಪತ್ತು ರೂಪಾಯಿಗೆ ಯಾರು ಸ್ವಾಮಿ ಜಗಳ ಆಡುತ್ತಾರೆ? ನನ್ನ ದೊಡ್ಡ ಮಗಳು ಪಿಯುಸಿಯಲ್ಲಿ ಫಸ್ಟ್ ಕ್ಲಾಸ್ ಬಂದಳು. ಬಿ.ಕಾಂ. ಓದುತ್ತೇನೆ ಅಂದಳು. ಆ ವರ್ಷ ನಮ್ಮ ತಾಯಿಯ ಆಸ್ಪತ್ರೆ ಖರ್ಚು, ಬಾಡಿಗೆ ಮನೆಯ ಅಡ್ವಾನ್ಸು ಎಲ್ಲ ಒಟ್ಟಿಗೆ ಬಂತು. ಒಂದು ವರ್ಷ ತಡಿಯಮ್ಮ ಅಂದೆ. ಅವಳು ಗಾರ್ಮೆಂಟ್ಸಿಗೆ ಸೇರಿದಳು. ಆ ಒಂದು ವರ್ಷ ಮುಗಿಯಲೇ ಇಲ್ಲ.

ನಾಲ್ಕು ವರ್ಷವಾದ ಮೇಲೆ ಅತ್ತಿಬೆಲೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಇನ್ನೊಂದು ಫ್ಯಾಕ್ಟರಿಯ ಗೆಳೆಯರೊಬ್ಬರು, “ನನ್ನ ಮಗನಿಗೆ ಕಾರ್ಮಿಕ ಕಲ್ಯಾಣ ಮಂಡಳಿಯ ದುಡ್ಡು ಬಂತು” ಅಂದರು. ಅದ್ಯಾವ ಮಂಡಳಿ ಎಂದು ಕೇಳಿದೆ. ಅವರು ನನ್ನ ಮುಖ ನೋಡಿ, “ಡಿಸೆಂಬರ್‌ನಲ್ಲಿ ನಿಮ್ಮದೂ ಮುರಿಯುತ್ತಾರಲ್ಲ” ಅಂದರು. ನಾನು ಇಳಿಯುವ ಸ್ಟಾಪು ದಾಟಿ ಹೋಗಿತ್ತು. ಆ ಮೂರು ಅಕ್ಷರವನ್ನು ಕನ್ನಡದಲ್ಲಿ ‘ಕಾರ್ಮಿಕ ಕಲ್ಯಾಣ ನಿಧಿ’ ಎಂದು ಬರೆದಿದ್ದರೆ, ನಾನು ಒಂದು ಸಲವಾದರೂ ಇದೇನು ಎಂದು ಕೇಳುತ್ತಿದ್ದೆನೋ ಏನೋ. ಗೇಟಿನ ಒಳಗಿನ ನೋಟಿಸ್ ಬೋರ್ಡಿನಲ್ಲಿ ಸೂಚನೆ ಅಂಟಿಸಿದ್ದರಂತೆ. ಇಂಗ್ಲಿಷಿನಲ್ಲಿ! ಓದಬೇಕಾದವನಿಗೆ ಬಾರದ ಭಾಷೆಯಲ್ಲಿ ಅಂಟಿಸಿದ ಸೂಚನೆ ಗೋಡೆಗೆ ಅಂಟಿದ ಕಾಗದವೇ ಹೊರತು ಸೂಚನೆಯಲ್ಲ.

ಈಗ ವಿಷಯಕ್ಕೆ ಬರೋಣ. ಕರ್ನಾಟಕ ಕಾರ್ಮಿಕ ಕಲ್ಯಾಣ ನಿಧಿ ಕಾಯಿದೆ ಆಗಿದ್ದು 1965ರಲ್ಲಿ. ವರ್ಷಕ್ಕೊಮ್ಮೆ ಕಾರ್ಮಿಕ, ಮಾಲೀಕ, ಸರ್ಕಾರ ಮೂವರೂ ಈ ನಿಧಿಗೆ ಪಾಲು ಹಾಕಬೇಕು. ಬಹಳ ವರ್ಷ ಕಾರ್ಮಿಕನದು 20, ಮಾಲೀಕನದು 40, ಸರ್ಕಾರದ್ದು 20 ರೂಪಾಯಿ ಇತ್ತು. 2025ರಿಂದ ಅದು 50, 100, 50 ಆಗಿದೆ. ಈ ನಿಧಿಯಿಂದಲೇ ಮಂಡಳಿಯು ಕಾರ್ಮಿಕರ ಮಕ್ಕಳ ಓದಿಗೆ ಧನಸಹಾಯ ಕೊಡುತ್ತದೆ. ಹೈಸ್ಕೂಲಿನಿಂದ ಹಿಡಿದು ಪಿಯುಸಿ, ಐಟಿಐ, ಡಿಪ್ಲೊಮಾ, ಪದವಿ, ಇಂಜಿನಿಯರಿಂಗ್, ವೈದ್ಯಕೀಯದವರೆಗೆ ಉಂಟು. ಸಂಬಳಕ್ಕೆ ಒಂದು ಮಿತಿ ಇದೆ, ಮಕ್ಕಳ ಅಂಕಕ್ಕೂ ಮಿತಿ ಇದೆ. ಅರ್ಜಿ ಕಂಪ್ಯೂಟರಿನಲ್ಲೇ ಹಾಕಬೇಕು. ಹಾಕಿದ ಮೇಲೆ ಕಾರ್ಖಾನೆಯ ಆಡಳಿತದವರು “ಹೌದು, ಇವರು ನಮ್ಮ ಕಾರ್ಮಿಕರು” ಎಂದು ದೃಢೀಕರಿಸಬೇಕು. ಅರ್ಜಿ ನಿಂತುಹೋಗುವುದು ಹೆಚ್ಚಾಗಿ ಇಲ್ಲೇ. ಹಾಕಿ ಸುಮ್ಮನೆ ಕೂರಬೇಡಿ. ಆಫೀಸಿಗೆ ಹೋಗಿ ವಿನಯದಿಂದಲೇ ಕೇಳಿ, ಮೂರು ಸಲ ಕೇಳಿ. ಇದು ಅವರ ಮನೆಯ ದಾನವಲ್ಲ, ನಿಮ್ಮ ಪಾಲೂ ಅದರಲ್ಲಿದೆ. ಗುತ್ತಿಗೆಯಲ್ಲಿ ದುಡಿಯುವವರು ಇನ್ನೊಂದು ಪ್ರಶ್ನೆ ಕೇಳಬೇಕು: ಗುತ್ತಿಗೆದಾರ ನಮ್ಮ ಹೆಸರಿನಲ್ಲಿ ಪಾಲು ಕಟ್ಟಿದ್ದಾನೆಯೆ? ಚೀಟಿಯಲ್ಲಿ ಮುರಿದು ಕಟ್ಟದೆ ಇದ್ದರೆ ಅದು ಕಳ್ಳತನ.

ಕಟ್ಟಡ ಕೆಲಸ ಮಾಡುವ ಬಂಧುಗಳೂ ಇಲ್ಲಿದ್ದೀರಿ. ನಿಮ್ಮದು ಬೇರೆ ಮಂಡಳಿ. ಅಲ್ಲಿ ನೋಂದಣಿ ಆಗಿ, ಗುರುತಿನ ಚೀಟಿ ನವೀಕರಣ ಆಗಿದ್ದರೆ ಮಕ್ಕಳ ಓದಿಗೆ ಸಹಾಯವಿದೆ. 2023ರಲ್ಲಿ ಆ ಸಹಾಯದ ಮೊತ್ತ ಇಳಿಸಿದಾಗ ಕಾರ್ಮಿಕರ ಮಕ್ಕಳು ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಗಾರೆ ಕೆಲಸದವರ ಮಕ್ಕಳು ಸರ್ಕಾರದ ಆದೇಶವನ್ನೇ ಪ್ರಶ್ನಿಸಿದರು ಅಂದರೆ ನನಗೆ ಹೆಮ್ಮೆ ಅನ್ನಿಸುತ್ತದೆ.

ಇನ್ನು ಎಲ್ಲರಿಗೂ ಸಂಬಂಧಿಸಿದ್ದು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಎಸ್‌ಎಸ್‌ಪಿ ಅನ್ನುತ್ತಾರೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಹೀಗೆ ಹಲವು ಇಲಾಖೆಗಳ ವಿದ್ಯಾರ್ಥಿವೇತನಕ್ಕೆ ಇದೇ ಬಾಗಿಲು. ಇದಕ್ಕೆ ಬೇಕಾದ ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತವೆ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಆಯುಸ್ಸು. ಅರ್ಜಿಯ ಕೊನೆಯ ದಿನ ತೆಗೆದು ನೋಡಿದರೆ ಅದು ಸತ್ತು ಹೋಗಿರುತ್ತದೆ! ಆದ್ದರಿಂದ ಮೇ ತಿಂಗಳಲ್ಲೇ ತೆಗೆದು ನೋಡಿ.

ಈಗ ಹೇಳುವುದನ್ನು ದಯವಿಟ್ಟು ಗಮನವಿಟ್ಟು ಕೇಳಿ, ಏಕೆಂದರೆ ನಮ್ಮ ಮಕ್ಕಳ ಅರ್ಜಿ ಇಲ್ಲಿ ಸಿಕ್ಕಿಹಾಕಿಕೊಂಡಷ್ಟು ಬೇರೆಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಅದು ಹೆಸರು. ಕನ್ನಡದಲ್ಲಿ ‘ಲಕ್ಷ್ಮಿ’ ಎಂದು ಬರೆದರೆ ಒಂದೇ ಹೆಸರು. ಇಂಗ್ಲಿಷಿಗೆ ಹೋದ ಕೂಡಲೆ ಅವಳಿಗೆ ನಾಲ್ಕು ರೂಪ ಬರುತ್ತದೆ. ಒಬ್ಬರು ಎಕ್ಸ್ ಹಾಕುತ್ತಾರೆ, ಒಬ್ಬರು ಕೆ ಎಸ್ ಹಾಕುತ್ತಾರೆ, ಕೊನೆಗೆ ಒಬ್ಬರು ಐ, ಇನ್ನೊಬ್ಬರು ಡಬಲ್ ಇ. ಅದರ ಮೇಲೆ ನಮ್ಮ ಇನಿಷಿಯಲ್ಲು! ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಬಿ.’, ಆಧಾರ್‌ನಲ್ಲಿ ‘ಬಿ. ಮಂಜುನಾಥ್’, ಬ್ಯಾಂಕಿನಲ್ಲಿ ಅಪ್ಪನ ಹೆಸರೂ ಸೇರಿ ಪೂರ್ತಿ. ಮನುಷ್ಯರಿಗೆ ಇವರೆಲ್ಲ ಒಬ್ಬರೇ ಎಂದು ಗೊತ್ತಾಗುತ್ತದೆ, ಕಂಪ್ಯೂಟರಿಗೆ ಮೂವರು. ನಮ್ಮ ನಾಡಿನಲ್ಲಿ ನಮ್ಮ ಮಕ್ಕಳ ಹೆಸರು ನಮ್ಮ ಲಿಪಿಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಪರಭಾಷೆಯ ಕಾಗುಣಿತದಲ್ಲಿ ಸರಿಯಿರಬೇಕು. ಇದರ ವಿರುದ್ಧ ಹೋರಾಟ ಇದ್ದೇ ಇದೆ, ಮಾಡೋಣ. ಆದರೆ ಹೋರಾಟ ಮುಗಿಯುವವರೆಗೆ ಅರ್ಜಿಯ ದಿನಾಂಕ ಕಾಯುವುದಿಲ್ಲ. ಎಂಟನೆಯ ತರಗತಿಯಲ್ಲೇ ಆಧಾರ್‌ನ ಹೆಸರನ್ನು ಶಾಲೆಯ ದಾಖಲೆಯ ಹೆಸರಿಗೆ ಅಕ್ಷರ ಅಕ್ಷರ ಹೊಂದಿಸಿಬಿಡಿ.

ಬ್ಯಾಂಕಿನದು ಇನ್ನೊಂದು ತೊಡಕು. “ಆಧಾರ್ ಲಿಂಕ್ ಆಗಿದೆ” ಎಂದು ಬ್ಯಾಂಕಿನವರು ಹೇಳಿದರೆ ಸಾಲದು. ಸರ್ಕಾರದ ದುಡ್ಡು ಆಧಾರ್ ಸಂಖ್ಯೆಗೆ ಜೋಡಣೆಯಾದ ಒಂದೇ ಖಾತೆಗೆ ಹೋಗುತ್ತದೆ. ಆ ಜೋಡಣೆಗೆ ‘ಎನ್‌ಪಿಸಿಐ ಸೀಡಿಂಗ್’ ಅನ್ನುತ್ತಾರೆ. ಮಗು ಎರಡು ಕಡೆ ಖಾತೆ ತೆರೆದಿದ್ದರೆ ಕೊನೆಗೆ ಜೋಡಿಸಿದ ಖಾತೆಗೆ ದುಡ್ಡು ಬೀಳುತ್ತದೆ. ಬಂದಿಲ್ಲ ಎಂದು ಅಳುತ್ತಿದ್ದ ಹುಡುಗನ ದುಡ್ಡು ಅವನೇ ಮರೆತ ಖಾತೆಯಲ್ಲಿ ಬಿದ್ದಿದ್ದನ್ನು ನಾನೇ ಕಂಡಿದ್ದೇನೆ.

ಯಾವ ಯಾವ ಸಹಾಯ ಇದೆ ಎಂದು ಕೆಲವನ್ನು ಹೇಳುತ್ತೇನೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ. 2013ರಲ್ಲಿ ಶುರುವಾದಾಗ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಊಟ, ವಸತಿಗೆ ಕೊಟ್ಟರು. ನಮ್ಮ ಹಿರಿಯರು ಮೈಸೂರು, ಬೆಂಗಳೂರಿನಲ್ಲಿ ವಾರಾನ್ನ ಮಾಡಿ, ದಿನಕ್ಕೊಂದು ಮನೆಯ ಜಗಲಿಯಲ್ಲಿ ಉಂಡು ಓದಿದವರು. ಜಾತಿ ನೋಡಿ ಆ ಜಗಲಿಯನ್ನೂ ಹತ್ತಿಸದ ಮಕ್ಕಳು ಎಷ್ಟೋ. 1918ರಲ್ಲಿ ನಾಲ್ವಡಿಯವರ ಕಾಲದಲ್ಲಿ ನೇಮಕವಾದ ಮಿಲ್ಲರ್ ಸಮಿತಿ ಹಿಂದುಳಿದವರ ಓದಿಗೆ ವಿದ್ಯಾರ್ಥಿವೇತನ ಬೇಕು ಎಂದದ್ದು ಇದಕ್ಕೇ. ಹಾಗಾಗಿ ಇದನ್ನು ಭಿಕ್ಷೆ ಎಂದು ನಾಚಿಕೊಳ್ಳುವವರು ನೂರು ವರ್ಷದ ಹಿಂದಿನ ಮಾತನ್ನು ನೆನೆಯಿರಿ.

ಪರಿಶಿಷ್ಟ ಜಾತಿ, ಪಂಗಡದ ಮಕ್ಕಳು ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದರೆ ವಿದ್ಯಾರ್ಥಿವೇತನವಲ್ಲದೆ ಪ್ರೋತ್ಸಾಹಧನ ಬೇರೆ ಇದೆ. ಪಾಸಾದ ಮೇಲೆ ಪ್ರತ್ಯೇಕ ಅರ್ಜಿ ಹಾಕಬೇಕು, ತಾನಾಗಿ ಬರುವುದಿಲ್ಲ.

ಜಾತಿ ಯಾವುದೇ ಇರಲಿ, ಪಿಯುಸಿಯಲ್ಲಿ ಬೋರ್ಡಿನ ಮೇಲಿನ ಶೇಕಡ 20ರೊಳಗೆ ಬಂದ, ಕುಟುಂಬದ ಆದಾಯ ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗಿರುವ ಮಕ್ಕಳಿಗೆ ಕೇಂದ್ರದ ವಿದ್ಯಾರ್ಥಿವೇತನವಿದೆ. ಪದವಿಯಲ್ಲಿ ವರ್ಷಕ್ಕೆ 12,000 ರೂಪಾಯಿ. ಇದನ್ನು ರಾಷ್ಟ್ರೀಯ ಪೋರ್ಟಲಿನಲ್ಲಿ ಹಾಕಬೇಕು. ಬೇರೆ ವಿದ್ಯಾರ್ಥಿವೇತನ ಪಡೆಯುತ್ತಿದ್ದರೆ ಇದು ಸಿಗದು, ಮುಚ್ಚಿಡಬೇಡಿ.

ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿದ್ದರೆ ಕೇಳಿ. ಹತ್ತು, ಹನ್ನೆರಡು ಎರಡನ್ನೂ ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಓದಿ ಪದವಿ ಅಥವಾ ಡಿಪ್ಲೊಮಾದ ಮೊದಲ ವರ್ಷಕ್ಕೆ ಸೇರಿದ ಹುಡುಗಿಗೆ ವರ್ಷಕ್ಕೆ 30,000 ರೂಪಾಯಿ ಕೊಡುವ ಯೋಜನೆ 2025ರಲ್ಲಿ ನಮ್ಮ ರಾಜ್ಯಕ್ಕೂ ಬಂತು. ಸರ್ಕಾರವೂ ಅಜೀಂ ಪ್ರೇಮ್‌ಜಿ ಫೌಂಡೇಶನ್ನೂ ಸೇರಿ ನಡೆಸುವ ಇದಕ್ಕೆ ‘ದೀಪಿಕಾ’ ಎಂದು ಹೆಸರಿಟ್ಟಿದ್ದಾರೆ. ಆ ಸಂಸ್ಥೆಯ ವಿಶ್ವವಿದ್ಯಾಲಯ ಇಲ್ಲೇ ಸರ್ಜಾಪುರದ ಕಡೆಗಿದೆ. ನಮ್ಮಲ್ಲಿ ಎಷ್ಟೋ ಮನೆಗೆ ಸುದ್ದಿಯೇ ಮುಟ್ಟಿಲ್ಲ.

ಕಾಲೇಜಿಗೆ ಇನ್ನೂ ದೂರ ಇರುವವರಿಗೆ ಒಂದು ಮಾತು. ಸರ್ಕಾರಿ, ಅನುದಾನಿತ ಶಾಲೆಯಲ್ಲಿ ಎಂಟನೆಯ ತರಗತಿ ಓದುವ ಮಗುವನ್ನು ಎನ್‌ಎಂಎಂಎಸ್ ಪರೀಕ್ಷೆಗೆ ಕೂರಿಸಿ. ಕನ್ನಡದಲ್ಲೇ ಬರೆಯಬಹುದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000, ಒಟ್ಟು 48,000 ರೂಪಾಯಿ.

ಕನ್ನಡ ಮಾಧ್ಯಮದಲ್ಲಿ ಓದಿಸಿದವರು ಆ ವ್ಯಾಸಂಗ ಪ್ರಮಾಣಪತ್ರವನ್ನು ಚಿನ್ನದಂತೆ ಕಾಪಾಡಿ. ಒಂದರಿಂದ ಹತ್ತರವರೆಗೆ ಕನ್ನಡದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇಕಡ 5 ಸೀಟು ಮೀಸಲು. ಸರ್ಕಾರಿ ಸೀಟು ಸಿಕ್ಕರೆ ಉಳಿಯುವ ಫೀಸು ಯಾವ ವಿದ್ಯಾರ್ಥಿವೇತನಕ್ಕಿಂತಲೂ ದೊಡ್ಡದು. ರಾಯಚೂರು, ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ಇಲ್ಲಿ ದುಡಿಯುವವರು ಬಹಳ ಇದ್ದೀರಿ. 371(ಜೆ) ಪ್ರಮಾಣಪತ್ರವಿದ್ದರೆ ಕಲ್ಯಾಣ ಕರ್ನಾಟಕದ ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲೂ ನಿಮ್ಮ ಮಕ್ಕಳಿಗೆ ಶೇಕಡ 8 ಸೀಟು ಇದೆ. ಊರಿಗೆ ಜಾತ್ರೆಗೆ ಹೋದಾಗ ಆ ಕೆಲಸ ಮುಗಿಸಿಕೊಂಡು ಬನ್ನಿ.

ದಲ್ಲಾಳಿಗಳ ಹತ್ತಿರ ಹೋಗಬೇಡಿ. ಈ ಯಾವ ಅರ್ಜಿಗೂ ಶುಲ್ಕವಿಲ್ಲ. ಸೈಬರ್ ಅಂಗಡಿಯವನಿಗೆ ಟೈಪು ಮಾಡಿದ ಕೂಲಿ ಕೊಡಿ, ಪಾಸ್‌ವರ್ಡನ್ನು ಮಾತ್ರ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಫೋನಿನಲ್ಲಿ ಓಟಿಪಿ ಕೇಳಿದವನಿಗೆ ಯಾವ ಭಾಷೆಯಲ್ಲಿ ಉತ್ತರ ಕೊಡಬೇಕೆಂದು ನಿಮಗೇ ಗೊತ್ತು.

ಮೆಟ್ರೊ 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದವರೆಗೆ ಬಂತು. ನನ್ನ ಚಿಕ್ಕ ಮಗಳು ಅದರಲ್ಲೇ ಈಗ ಕಾಲೇಜಿಗೆ ಹೋಗುತ್ತಾಳೆ, ಮಂಡಳಿಯ ಸಹಾಯ ಅವಳಿಗೆ ಬಂದಿದೆ. ಅರ್ಜಿ ಹಾಕಿಸಿದ್ದು ದೊಡ್ಡವಳೇ, ಗಾರ್ಮೆಂಟ್ಸಿಗೆ ಒಂದು ದಿನ ರಜೆ ಹಾಕಿ.

ಡಿಸೆಂಬರ್ ತಿಂಗಳ ಚೀಟಿ, ಮಕ್ಕಳ ಅಂಕಪಟ್ಟಿ, ಆಧಾರ್ ತಂದವರು ಈ ಬಲಗಡೆಯ ಮೇಜಿನ ಹತ್ತಿರ ಬನ್ನಿ. ಹೆಸರು ಹೊಂದುತ್ತದೆಯೋ ಇಲ್ಲವೋ ಇವತ್ತೇ ನೋಡೋಣ. ರಾತ್ರಿ ಪಾಳಿಗೆ ಹೋಗುವವರು ಮೊದಲು ಬನ್ನಿ.