ಬೇರಿನೊಳಗಿನ ದಾಸೋಹ



ಜಮಖಂಡಿಗೆ ಕೃಷ್ಣೆಯಿದ್ದಾಳೆ, ಮುಧೋಳಕ್ಕೆ ಘಟಪ್ರಭೆಯಿದ್ದಾಳೆ. ಆದರೂ ಬೀಳಗಿಯವರೆಗಿನ ಈ ಸೀಮೆಯಲ್ಲಿ ಕಾಲುವೆ ನೀರು ಕಾಣದ ಎರೆಹೊಲಗಳು ಇನ್ನೂ ಉಂಟು. ಆ ಹೊಲದ ಒಕ್ಕಲಿಗ ಹಿಂಗಾರಿಯಲ್ಲಿ ಕಡಲೆ ಬಿತ್ತಿ ಮುಗಿಲು ನೋಡುತ್ತಾನೆ. ಒಮ್ಮೆ ಬೇರನ್ನೂ ನೋಡಪ್ಪಾ ಎಂದು ಇಂದು ಹೇಳಬೇಕಾಗಿದೆ.

ಹೂವಾಡುವ ಹೊತ್ತಿಗೆ ಒಂದು ಗಿಡವನ್ನು ಮಣ್ಣುಸಹಿತ ಮೆಲ್ಲಗೆ ಎಬ್ಬಿಸಿರಿ. ಬೇರಿನಲ್ಲಿ ಸಣ್ಣ ಗಂಟುಗಳಿರುತ್ತವೆ. ಅದು ರೋಗವಲ್ಲ. ಗಂಟನ್ನು ಸೀಳಿದಾಗ ನಸುಗೆಂಪು ಕಂಡರೆ ಅಲ್ಲಿ ಕಾಯಕ ನಡೆದಿದೆ ಎಂದು ತಿಳಿಯಿರಿ. ಆ ಕಾಯಕ ಮಾಡುವುದು ಕಣ್ಣಿಗೆ ಕಾಣದ ರೈಝೋಬಿಯಂ ಎಂಬ ಜೀವಿ. 1888ರಲ್ಲಿ ಹಾಲೆಂಡಿನ ವಿಜ್ಞಾನಿ ಬೈಯರಿಂಕ್ ಇದನ್ನು ಗಂಟಿನಿಂದ ಬೇರ್ಪಡಿಸಿ ತೋರಿಸಿದರು. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ. ಆದರೆ ಗಿಡ ಅದನ್ನು ನೇರವಾಗಿ ಉಣ್ಣಲಾರದು. ಈ ಜೀವಿ ಅದನ್ನು ಉಣ್ಣುವಂತೆ ಮಾಡಿಕೊಡುತ್ತದೆ. ಗಿಡ ತನ್ನ ಸಕ್ಕರೆಯನ್ನು ಅದಕ್ಕೆ ಉಣಿಸುತ್ತದೆ. ರಬಕವಿ-ಬನಹಟ್ಟಿಯ ನೇಕಾರರು ಬಲ್ಲರು: ಹಾಸು ಹೊಕ್ಕು ಎರಡೂ ಕೂಡಿದರೇ ಸೀರೆ.

ಇದಕ್ಕೂ ಬರಕ್ಕೂ ಏನು ಸಂಬಂಧ? ಒಣಮಣ್ಣಿಗೆ ಚೆಲ್ಲಿದ ಯೂರಿಯಾ ಬೇರಿಗೆ ಇಳಿಯದು. ಸಾಲ ಮಾತ್ರ ಉಳಿಯುತ್ತದೆ. ಬೇರಿನಲ್ಲೇ ಅನ್ನ ಸಿಕ್ಕ ಗಿಡ ನೆಲದಲ್ಲಿ ಹಸಿ ಇರುವಾಗಲೇ ಗಟ್ಟಿಯಾಗಿ ಬೇರು ಬಿಡುತ್ತದೆ. ಬರದ ಸಂಕಟದಲ್ಲಿ ಗಿಡದೊಳಗೆ ಎಥಿಲೀನ್ ಹೆಚ್ಚಿ ಬೇರಿನ ಬೆಳವಣಿಗೆ ಕುಗ್ಗುತ್ತದೆ. ಕೆಲವು ಬಗೆಯ ರೈಝೋಬಿಯಂ ಅದನ್ನೂ ತಗ್ಗಿಸಬಲ್ಲದು.

ಆದರೆ ಇದನ್ನು ಪವಾಡವೆಂದು ತಿಳಿಯಬೇಡಿರಿ. ಮಣ್ಣು ಪೂರ್ತಿ ಒಣಗಿದರೆ ಗಂಟಿನ ಕೆಲಸವೂ ನಿಲ್ಲುತ್ತದೆ. ಆದುದರಿಂದ ಬದು ಹಾಕಿ ಮಳೆ ಹಿಡಿಯಿರಿ. ಎಡೆಕುಂಟೆ ಹೊಡೆದು, ಬಿರುಕು ಮುಚ್ಚಿ, ಹಸಿ ಉಳಿಸಿರಿ. ಬೆಲ್ಲದ ನೀರು ಆರಿದ ಮೇಲೆ ರೈಝೋಬಿಯಂ ಕಲಸಿ ಬೀಜಕ್ಕೆ ಹಚ್ಚಿ, ನೆರಳಿನಲ್ಲಿ ಒಣಗಿಸಿ, ಅಂದೇ ಬಿತ್ತಿರಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಬೀಜೋಪಚಾರ ಮಾಡಿರೆಂದೇ ಹೇಳುತ್ತದೆ. ಕಡಲೆಗೆ ಕಡಲೆಯದೇ ಬೇಕು, ಶೇಂಗಾಕ್ಕೆ ಶೇಂಗಾದ್ದೇ ಬೇಕು; ಅವಧಿ ಮೀರಿದ ಪೊಟ್ಟಣ ಬೇಡ. ಯೂರಿಯಾ ಅತಿಯಾದರೆ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ಕೂತಲ್ಲೇ ಊಟ ಬರುವ ಮನೆಯಲ್ಲಿ ಒಲೆ ಹೊತ್ತಿಸುವವರು ಯಾರು?

ರಾಶಿಯ ಕಾಲಕ್ಕೆ ಗಿಡ ಕೀಳಬೇಡಿರಿ, ಕೊಯ್ಯಿರಿ. ಬೇರೂ ಉದುರಿದ ಎಲೆಯೂ ಮಣ್ಣಿನಲ್ಲಿ ಉಳಿದರೆ ಮುಂದಿನ ವರ್ಷದ ಬಿಳಿಜೋಳಕ್ಕೆ ಅದೇ ಬುತ್ತಿ. ನೀರಾವರಿಯವರೂ ಕಬ್ಬಿನ ಮೇಲೆ ಕಬ್ಬು ಹಚ್ಚದೆ ನಡುವೆ ಒಮ್ಮೆ ಕಡಲೆಗೆ ಇಂಬು ಕೊಡಿರಿ.

ಮಳೆ ನಮ್ಮ ಕೈಯಲ್ಲಿಲ್ಲ. ಬೀಜಕ್ಕೆ ಒಬ್ಬ ಜೊತೆಗಾರನನ್ನು ಕೊಟ್ಟು ಬಿತ್ತುವುದು ನಮ್ಮ ಕೈಯಲ್ಲಿದೆ. ಅಷ್ಟನ್ನು ತಪ್ಪದೆ ಮಾಡಿರಿ.