ಹೊಸ ಧ್ವನಿಮುದ್ರಿಕೆ, ಹಳೆಯ ಅಭಿಮಾನ

ಮೆಚ್ಚಿನ ಗಾಯಕರ ಹೊಸ ಧ್ವನಿಮುದ್ರಿಕೆ ಬರುತ್ತದೆಂದರೆ ರಸಿಕನ ಮನಸ್ಸಿನಲ್ಲಿ ಎರಡು ಆಸೆಗಳು ಜಗಳವಾಡುತ್ತವೆ. ಹೊಸತು ಬೇಕು, ಆದರೆ ಅದು ಹಳೆಯದರಂತೆಯೇ ಇರಬೇಕು! ಇಂಗ್ಲೆಂಡಿನ ಲಿವರ್‌ಪೂಲ್ ನಗರದ ನಾಲ್ವರು ತರುಣರ ‘ಬೀಟಲ್ಸ್’ ವೃಂದವನ್ನೇ ನೋಡಿ.

೧೯೬೩ರಲ್ಲಿ ಬಂದ ಅವರ ಮೊದಲ ದೊಡ್ಡ ತಟ್ಟೆಯ ೧೪ ಹಾಡುಗಳಲ್ಲಿ ೧೦ನ್ನು ಒಂದೇ ದಿನದಲ್ಲಿ ಹಾಡಿ ಮುಗಿಸಿದ್ದರು. ಸಭಿಕರ ಕೂಗಾಟದಲ್ಲಿ ತಮ್ಮ ಹಾಡು ತಮಗೇ ಕೇಳಿಸದಂತಾಗಿ, ೧೯೬೬ರಲ್ಲಿ ಊರೂರು ತಿರುಗಿ ಹಾಡುವುದನ್ನು ನಿಲ್ಲಿಸಿದರು. ಬಳಿಕ ತಿಂಗಳುಗಟ್ಟಲೆ ಸ್ಟುಡಿಯೋದಲ್ಲಿ ದುಡಿದು, ೧೯೬೭ರಲ್ಲಿ ‘ಸಾರ್ಜೆಂಟ್ ಪೆಪ್ಪರ್’ ತಂದರು. ಅದರಲ್ಲಿ ಜಾರ್ಜ್ ಹ್ಯಾರಿಸನ್ನರ ಹಾಡೊಂದಕ್ಕೆ ನಮ್ಮ ತಬಲ, ತಂಬೂರಿ, ದಿಲ್‌ರುಬಗಳ ಜೊತೆಯಿದೆ. ಕುಣಿಸುವ ಹಾಡನ್ನಷ್ಟೇ ಬಯಸಿದ್ದವರಿಗೆ ಇದು ಒಗ್ಗುವುದು ಸುಲಭವಲ್ಲ.

ಬಿಡುಗಡೆಯ ತಾರೀಖನ್ನು ನೋಡಿ ವೃಂದದ ಏಳುಬೀಳುಗಳನ್ನು ಅಳೆಯುವುದೂ ಸರಿಯಲ್ಲ. ೧೯೭೦ರಲ್ಲಿ ಬಂದ ‘ಲೆಟ್ ಇಟ್ ಬಿ’ಯ ಬಹುಭಾಗವನ್ನು, ೧೯೬೯ರಲ್ಲೇ ಹೊರಬಂದ ‘ಆಬಿ ರೋಡ್’ಗಿಂತ ಮೊದಲು ಮುದ್ರಿಸಿದ್ದರು.

೨೦೨೩ರಲ್ಲಿ ‘ನೌ ಅಂಡ್ ದೆನ್’ ಬಂದಿತು. ಜಾನ್ ಲೆನನ್ ೧೯೮೦ರಲ್ಲಿ, ಹ್ಯಾರಿಸನ್ ೨೦೦೧ರಲ್ಲಿ ತೀರಿಕೊಂಡಿದ್ದರು. ಲೆನನ್ನರು ಮನೆಯಲ್ಲಿ ಕ್ಯಾಸೆಟ್ಟಿಗೆ ಹಾಡಿಟ್ಟಿದ್ದ ದನಿಯನ್ನು ಕಂಪ್ಯೂಟರಿನ ನೆರವಿನಿಂದ ಪಿಯಾನೋದ ಸದ್ದಿನಿಂದ ಬೇರ್ಪಡಿಸಿದರು. ಹ್ಯಾರಿಸನ್ನರು ೧೯೯೫ರಲ್ಲಿ ನುಡಿಸಿದ್ದ ಗಿಟಾರನ್ನು ಸೇರಿಸಿದರು. ಉಳಿದ ಪಾಲ್ ಮೆಕಾರ್ಟ್ನಿ, ರಿಂಗೋ ಸ್ಟಾರ್ ಜೊತೆಗೂಡಿದರು. ಹಳೆಯ ಅಭಿಮಾನಿಗೆ ಅದು ಹೊಸ ಹಾಡೂ ಹೌದು, ಅಗಲಿದವರ ದನಿಯೂ ಹೌದು.

ಹಾಡುವವರಿಗೆ ಬದಲಾಗುವ ಹಕ್ಕಿದೆ. ಕೇಳುವವರಿಗೆ ಬೇಡವೆನ್ನುವ ಹಕ್ಕೂ ಇದೆ. ಆ ಮಾತನ್ನು ಎರಡು ಮೂರು ಸಲ ಮನಸ್ಸಿಟ್ಟು ಕೇಳಿದ ಮೇಲೆ ಹೇಳೋಣ.