ಅವಳಿ ಮಕ್ಕಳೂ ನೈಜೀರಿಯದ ತಾಯಂದಿರೂ

(ವಾಚನಾಲಯದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಅವಳಿ ಮಕ್ಕಳು ಹುಟ್ಟಿದ ಸುದ್ದಿ ಬಂದರೆ ನಾವು ಮೊದಲು ಕೇಳುವುದು, ತಾಯಿ ಹೇಗಿದ್ದಾಳೆ ಎಂದು. ನೈಜೀರಿಯ ದೇಶದ ಆಗ್ನೇಯ ಮೂಲೆಯ ಕಲಬಾರ್ ಸೀಮೆಯಲ್ಲಿ ನೂರೈವತ್ತು ವರ್ಷಗಳ ಹಿಂದೆ ಹಾಗೆ ಕೇಳುವವರು ಅಪರೂಪ. ಒಂದೇ ಬಸಿರಿನಲ್ಲಿ ಎರಡು ಕೂಸುಗಳಾದರೆ ಒಂದರ ತಂದೆ ದುಷ್ಟ ಭೂತವೆಂದು ಅಲ್ಲಿ ನಂಬಿದ್ದರು. ಯಾವುದು ಭೂತದ್ದೆಂದು ತಿಳಿಯದೆ ಎರಡನ್ನೂ ಮಡಕೆಯಲ್ಲಿ ತುಂಬಿ ಕಾಡಿಗೆ ಎಸೆಯುತ್ತಿದ್ದರು. ಹಸಿ ಬಾಣಂತಿಯನ್ನು ಊರಿನಿಂದ ಹೊರಗಟ್ಟುತ್ತಿದ್ದರು.

1876ರಲ್ಲಿ ಅಲ್ಲಿಗೆ ಬಂದ ಮೇರಿ ಸ್ಲೆಸರ್ ಎಂಬ ಸ್ಕಾಟ್ಲೆಂಡಿನ ಮಿಷನರಿಯ ವಿಷಯ ನಮ್ಮಂಥ ಗಿರಣಿಯವರು ತಿಳಿಯತಕ್ಕದ್ದು. ಡಂಡಿ ಪಟ್ಟಣದಲ್ಲಿ ಹನ್ನೊಂದನೆಯ ವಯಸ್ಸಿಗೇ ಗಿರಣಿ ಸೇರಿದಾಕೆ ಆಕೆ. ಅರ್ಧ ದಿನ ಕೆಲಸ, ಅರ್ಧ ದಿನ ಶಾಲೆ. (ನಮ್ಮಲ್ಲಿ ಎಷ್ಟೋ ಮಂದಿಗೆ ಆ ಅರ್ಧ ದಿನದ ಶಾಲೆಯೂ ಸಿಕ್ಕಲಿಲ್ಲ.) ಎಸೆದ ಕೂಸುಗಳನ್ನು ಆಕೆ ತನ್ನ ಮನೆಗೇ ತಂದು ಸಾಕಿದಳು. ಜೇನಿ ಎಂಬ ಅವಳಿ ಹುಡುಗಿ ಅವಳ ಮಗಳಾಗಿ ಬೆಳೆದಳು. ಭೂತದ ಕೂಸೆಂದವರ ಕಣ್ಣೆದುರಿಗೇ ಅದು ಎಲ್ಲ ಮಕ್ಕಳಂತೆ ಓಡಾಡಿತು. ಆಕೆಯೊಬ್ಬಳಿಂದಲೇ ಪದ್ಧತಿ ನಿಂತಿತೆನ್ನುವುದು ಮಾತ್ರ ಸರಿಯಲ್ಲ; ಆಕೆಗೆ ಹಿಂದಿನ ಮಿಷನರಿಗಳೂ ಅಲ್ಲಿಯ ಕೆಲವು ಮುಖಂಡರೂ ಇದಕ್ಕೆ ಕೈಹಾಕಿದ್ದರು.

ಇಷ್ಟು ಕೇಳಿ ಆ ಜನವನ್ನೆಲ್ಲ ಕ್ರೂರರೆಂದು ತಳ್ಳಿಬಿಡಬಾರದು. ಅದೇ ದೇಶದ ನೈಋತ್ಯದಲ್ಲಿ ಯೊರುಬಾ ಜನರಿದ್ದಾರೆ. ಹಿಂದೊಮ್ಮೆ ಇವರೂ ಅವಳಿಗಳನ್ನು ಕೊಲ್ಲುತ್ತಿದ್ದರೆಂದು ಅವರ ಹಿರಿಯರೇ ಹೇಳುತ್ತ ಬಂದಿದ್ದಾರೆ. ಆದರೆ ಮಿಷನರಿಗಳು ಬರುವ ಮೊದಲೇ ಆ ಭಯ ಭಕ್ತಿಯಾಗಿ ತಿರುಗಿತ್ತು. ಅವಳಿಗಳು ಮನೆಗೆ ಭಾಗ್ಯ ತರುವವರಾದರು. ಮೊದಲು ಹುಟ್ಟಿದ್ದು ತಾಯ್ವೊ, ಆಮೇಲಿನದು ಕೆಹಿಂಡೆ. ವಿಚಿತ್ರವೇನೆಂದರೆ ಹಿರಿಯನೆನಿಸುವುದು ಕೆಹಿಂಡೆಯೇ! ಲೋಕ ಹೇಗಿದೆ ನೋಡಿ ಬಾ ಎಂದು ತಾಯ್ವೊನನ್ನು ಮುಂದೆ ಕಳಿಸಿದವನು ಅವನಂತೆ.

ಯೊರುಬಾ ಜನರಲ್ಲಿ ಅವಳಿ ಹೆರಿಗೆಗಳು ಲೋಕದಲ್ಲೇ ಅತಿ ಹೆಚ್ಚು, ಸಾವೂ ಬಹಳವಿತ್ತು. ಒಂದು ಕೂಸು ಸತ್ತರೆ ತಾಯಿ ಮರದ ಪುಟ್ಟ ಗೊಂಬೆ ಕೆತ್ತಿಸಿ, ಉಳಿದ ಕೂಸಿನ ಜೊತೆಗೆ ಅದಕ್ಕೂ ಸ್ನಾನ ಮಾಡಿಸಿ, ಬಟ್ಟೆ ತೊಡಿಸಿ, ಊಟ ಇಡುತ್ತಿದ್ದಳು. ಕ್ರೈಸ್ತ, ಇಸ್ಲಾಂ ಮತಗಳು ಹರಡಿದಂತೆ ಕೆತ್ತನೆ ಕಡಿಮೆಯಾಯಿತು. ಕೆಲವರು ಅಂಗಡಿಯ ಪ್ಲಾಸ್ಟಿಕ್ ಗೊಂಬೆ ತಂದರು. ಇನ್ನು ಕೆಲವರು ಉಳಿದ ಮಗುವನ್ನು ಫೋಟೋ ಸ್ಟುಡಿಯೋಕ್ಕೆ ಕರೆದೊಯ್ದು, ಅದರ ಚಿತ್ರವನ್ನೇ ಎರಡು ಸಲ, ಪಕ್ಕಪಕ್ಕದಲ್ಲಿ ಮುದ್ರಿಸಿಕೊಂಡರು. ಸತ್ತದ್ದು ಹೆಣ್ಣು, ಉಳಿದದ್ದು ಗಂಡಾದರೆ ಅದೇ ಹುಡುಗನಿಗೆ ಒಮ್ಮೆ ಗಂಡು ಉಡುಪು, ಒಮ್ಮೆ ಹೆಣ್ಣು ಉಡುಪು ತೊಡಿಸಿ ಎರಡು ಫೋಟೋ ತೆಗೆಸುತ್ತಿದ್ದರು.